ಸೌದೆ ಸೀಳುವ ಯಂತ್ರ: ಸ್ಟಿಕರ್ ಮೇಲಿನ ಟನ್ ನಂಬಬೇಡಿ

ಮನೆ ಸೌದೆಗೆಂದು ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ಸೀಳುವ) ಯಂತ್ರ ಕೊಳ್ಳುವವರು ದುಡ್ಡು ಕೊಡುವ ಮೊದಲು ಇದನ್ನೊಮ್ಮೆ ಓದಿ.

ನಮ್ಮ ಯಂತ್ರದ ಮೈಮೇಲೆ ದಪ್ಪಕ್ಷರದಲ್ಲಿ '20 ಟನ್' ಎಂದಿತ್ತು, ಅಂದರೆ ಮರವನ್ನು ಒತ್ತಿ ಸೀಳುವ ಬಲ ಅಷ್ಟು. ಎಂಥಾ ಗಂಟಿನ ಮರವಾದರೂ ಸೀಳುತ್ತೆ ಎಂದು ಮಾರಿದವರು ಹೇಳಿದ್ದರು. ನೆಟ್ಟಗಿನ ತುಂಡುಗಳೇನೋ ಸಲೀಸಾಗಿ ಸೀಳಿದವು. ಕವಲೊಡೆದ ಜಾಗದ ದಪ್ಪ ತುಂಡು ಇಟ್ಟಾಗ ಬೆಣೆ ಅರ್ಧಕ್ಕೆ ಹೂತು ನಿಂತಿತು. ಪಂಪ್ ಕಿರುಚಿತೇ ಹೊರತು ಬೆಣೆ ತಳ್ಳುವ ಪಿಸ್ಟನ್ ಕದಲಲಿಲ್ಲ. ಯಂತ್ರ ನಿಲ್ಲಿಸಿ ಆ ತುಂಡು ಬಿಡಿಸುವಷ್ಟರಲ್ಲಿ ಸಾಕುಸಾಕಾಯಿತು. ಕೇಳಿದರೆ 'ಮರ ಹಸಿ ಇರಬೇಕು' ಅಂದರು. ಮರ ಚೆನ್ನಾಗಿಯೇ ಒಣಗಿತ್ತು!

ಅವರದೇ ಕೈಪಿಡಿ ತೆಗೆದು ನೋಡಿದೆ. ಪಿಸ್ಟನ್ ಓಡಾಡುವ ಸಿಲಿಂಡರಿನ ಒಳವ್ಯಾಸ 8 ಸೆಂ.ಮೀ., ಎಣ್ಣೆಯ ಗರಿಷ್ಠ ಒತ್ತಡ 200 ಬಾರ್. ಲೆಕ್ಕ ಸುಲಭ. ವ್ಯಾಸದ ಅರ್ಧ 4. ನಾಲ್ಕು ನಾಲ್ಕಲ ಹದಿನಾರು, ಅದನ್ನು 3.14ರಿಂದ ಗುಣಿಸಿದರೆ ಸುಮಾರು 50 ಚದರ ಸೆಂ.ಮೀ. 200 ಬಾರ್ ಅಂದರೆ ಪ್ರತಿ ಚದರ ಸೆಂ.ಮೀ.ಗೆ ಹೆಚ್ಚುಕಮ್ಮಿ 200 ಕೆ.ಜಿ. ಒಟ್ಟು 10,000 ಕೆ.ಜಿ., ಅಂದರೆ 10 ಟನ್. ಬರೆದದ್ದರ ಅರ್ಧ! ಇದೇ ಒತ್ತಡದಲ್ಲಿ ನಿಜವಾಗಿ 20 ಟನ್ ಬರಬೇಕಾದರೆ ಒಳವ್ಯಾಸ 11 ಸೆಂ.ಮೀ.ಗಿಂತ ಜಾಸ್ತಿ ಇರಬೇಕು.

ಹಾಗಾಗಿ ಟನ್ ಎಷ್ಟು ಎಂದು ಕೇಳಬೇಡಿ. ಒಳವ್ಯಾಸ, ಒತ್ತಡ ಎರಡನ್ನೂ ಕೇಳಿ, ಗುಣಾಕಾರ ನೀವೇ ಮಾಡಿ. ಉತ್ತರ ಕೊಡಲು ತಡವರಿಸಿದರೆ ಎದ್ದು ಬನ್ನಿ. ನಿಮ್ಮಲ್ಲಿರುವ ಅತಿ ದಪ್ಪ, ಅತಿ ಗಂಟಿನ ತುಂಡನ್ನೇ ಇಟ್ಟು ಸೀಳಿ ತೋರಿಸಿ ಅನ್ನಿ. ಅಂದಹಾಗೆ, ಸಣ್ಣ ನೇರ ತುಂಡುಗಳಷ್ಟೇ ಇದ್ದರೆ 5–7 ಟನ್ನಿನ ವಿದ್ಯುತ್ ಯಂತ್ರವೇ ಸಾಕು. ಸುಮ್ನೆ ದೊಡ್ಡದಕ್ಕೆ ಯಾಕೆ ಸುರಿಯಬೇಕು, ಅಲ್ವಾ?

ಇನ್ನೊಂದು ವಿಷಯ ನನಗೆ ಇದಕ್ಕಿಂತ ಸಿಟ್ಟು ತರಿಸಿತು. ಯಂತ್ರ ನಡೆಯಬೇಕಾದರೆ ಎರಡು ಹಿಡಿಕೆಗಳನ್ನೂ ಹಿಡಿದಿರಬೇಕು. ಬೆಣೆಯ ದಾರಿಗೆ ಕೈ ಹೋಗದಿರಲೆಂದೇ ಆ ಏರ್ಪಾಡು. ಮಾರಿದವರು ಒಂದು ಹಿಡಿಕೆಯನ್ನು ತಂತಿಯಲ್ಲಿ ಬಿಗಿದು, 'ಹೀಗೆ ಮಾಡಿದರೆ ಕೆಲಸ ಬೇಗ' ಎಂದು ಕಲಿಸಿಕೊಟ್ಟರು. ತಂತಿಯನ್ನು ಆವತ್ತೇ ಕಿತ್ತೆಸೆದೆ.

ಜಗಳದ ನಂತರ, ಬದಲಿಗೆ ತಿರುಗುತ್ತಾ ಮರದೊಳಗೆ ಕೊರೆದು ಸೀಳುವ ಸ್ಕ್ರೂ ಮಾದರಿ ಒಯ್ಯಿರಿ ಅಂದರು. ಬೇಡವೆಂದೆ. ಬಟ್ಟೆಯೋ ಕೈಗವಸೋ ಆ ಸ್ಕ್ರೂಗೆ ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಕೆಲವೊಮ್ಮೆ ತುಂಡೇ ಗಿರ್ರನೆ ತಿರುಗಿ ಹೊಡೆಯುತ್ತದೆ.

ಹಣ ಇನ್ನೂ ವಾಪಸ್ ಬಂದಿಲ್ಲ. ಸದ್ಯಕ್ಕೆ ಗಂಟಿನ ತುಂಡುಗಳನ್ನು ನಡುವೆ ಸೀಳದೆ, ಅಂಚಿನಿಂದ ಸ್ವಲ್ಪಸ್ವಲ್ಪವೇ ಎಬ್ಬಿಸುತ್ತಿದ್ದೇವೆ.