ಓಪನ್ ಸಂಬಂಧವೋ, ಪಾಲಿಅಮರಿಯೋ?

ಒಬ್ಬರಿಗಿಂತ ಜಾಸ್ತಿ ಜನರ ಜೊತೆ ಸಂಬಂಧ ಅಂದರೆ ಎಲ್ಲವೂ ಒಂದೇ ಅಲ್ಲ. ಮೊದಲು ಇದನ್ನು ಕೇಳಿಕೊಳ್ಳಿ: ಹೊರಗೆ ಬೇಕಿರುವುದು ಬರೀ ದೇಹದ ನಂಟೋ, ಪ್ರೀತಿಯೂ ಸೇರಿದ್ದೋ?

ಓಪನ್ ಸಂಬಂಧದಲ್ಲಿ ಜೋಡಿಯೇ ಮುಖ್ಯ. ಹೊರಗಿನ ನಂಟು ಹೆಚ್ಚಾಗಿ ದೇಹದ ಮಟ್ಟಿಗೆ. ಸ್ವಿಂಗಿಂಗ್, ಅಂದರೆ ಬೇರೆಯವರ ಜೊತೆ ಲೈಂಗಿಕ ನಂಟು ಅಥವಾ ಸಂಗಾತಿಗಳ ಅದಲುಬದಲು, ಇದಕ್ಕೆ ಹತ್ತಿರ. ಆದರೆ ಅಲ್ಲಿ ಜೋಡಿ ಸಾಮಾನ್ಯವಾಗಿ ಒಟ್ಟಿಗೇ ಪಾಲ್ಗೊಳ್ಳುತ್ತದೆ.

ಪಾಲಿಅಮರಿ ಬೇರೆಯೇ. ಇಲ್ಲಿ ಪ್ರೀತಿಗೂ ಜಾಗವಿದೆ, ಹಾಗಾಗಿ ಸಮಯವೂ ಮಾತುಕತೆಯೂ ಜಾಸ್ತಿ ಬೇಕು. ಕೆಲವರು ಒಬ್ಬರನ್ನು ಮುಖ್ಯ ಸಂಗಾತಿ ಎಂದಿಟ್ಟುಕೊಳ್ಳುತ್ತಾರೆ. ಆಗ ಆಮೇಲೆ ಬಂದವರಿಗೆ ನೋವಾಗುವುದು ಸುಲಭ. ಅವರಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಮೊದಲೇ ಹೇಳುವುದು ನ್ಯಾಯ ಅಲ್ವಾ? ಇನ್ನು ಕೆಲವರು ಯಾರನ್ನೂ ಮೇಲೆ ಕೆಳಗೆ ಇಡುವುದಿಲ್ಲ. ಕೇಳಲು ಚೆಂದ, ನಡೆಸುವುದು ಕಷ್ಟ.

ರಿಲೇಶನ್‌ಶಿಪ್ ಅನಾರ್ಕಿ ಇನ್ನೂ ಮುಂದೆ ಹೋಗುತ್ತದೆ. ಸ್ವೀಡನ್ನಿನ ಆಂಡಿ ನಾರ್ಡ್‌ಗ್ರೆನ್ 2006ರಲ್ಲಿ ಇದರ ಬಗ್ಗೆ ಬರೆದರು. ಸ್ನೇಹಕ್ಕಿಂತ ಪ್ರೇಮ ದೊಡ್ಡದು ಎಂಬ ಲೆಕ್ಕವೇ ಇಲ್ಲಿಲ್ಲ.

‘ಕೇಳಬೇಡ, ಹೇಳಬೇಡ’ ಎಂಬ ಒಪ್ಪಂದವೂ ಉಂಟು: ಹೊರಗೆ ನಂಟು ಇರಬಹುದು, ಆದರೆ ಅದರ ಬಗ್ಗೆ ಒಬ್ಬರಿಗೊಬ್ಬರು ಮಾತೆತ್ತುವುದಿಲ್ಲ. ನಾನು ಅದನ್ನು ಸೂಚಿಸುವುದಿಲ್ಲ. ಲೈಂಗಿಕ ಸೋಂಕಿನ ಪರೀಕ್ಷೆ, ಕಾಂಡೋಮ್ ಬಳಕೆ ಇವನ್ನಾದರೂ ಎಲ್ಲರೂ ಬಾಯಿಬಿಟ್ಟು ಮಾತಾಡಲೇಬೇಕು.