ದೋಣಿಯ ವಿಎಚ್‌ಎಫ್ ರೇಡಿಯೋಗೆ ಕಲಬುರಗಿಯಲ್ಲಿ ಕೇಬಲ್ ಕೆಲಸ: ಒಂದು ಅಂಗಡಿಯ ಬಗ್ಗೆ

ನಮ್ಮ ಅಳಿಯಂದಿರು ಕಾರವಾರದ ಬೈತಖೋಲದಲ್ಲಿ ಒಂದು ಸಣ್ಣ ಫೈಬರ್ ದೋಣಿ ಇಟ್ಟುಕೊಂಡಿದ್ದಾರೆ. ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಊರಿಗೆ ಬಂದಾಗ ಅದಕ್ಕೆಂದು ಕೊಂಡ, ಕಡಲಲ್ಲಿ ದೋಣಿಗಳು ಮಾತಾಡಿಕೊಳ್ಳಲು ಬಳಸುವ ಮೆರೈನ್ ವಿಎಚ್‌ಎಫ್ ಸೆಟ್ಟನ್ನೂ ಏರಿಯಲನ್ನೂ ಜೊತೆಗೇ ತಂದಿದ್ದರು. ಕೇಬಲ್ ಜೋಡಣೆ ಮತ್ತು ಪರೀಕ್ಷೆಯ ಕೆಲಸವನ್ನು ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂಬದಿಯ ಒಂದು ವಾಕಿಟಾಕಿ ರಿಪೇರಿ ಅಂಗಡಿಗೆ ವಹಿಸಿದೆವು. ಕಡಲಿಲ್ಲದ ಊರಿನಲ್ಲಿ ಈ ಕೆಲಸವೇ ಎಂದು ನಕ್ಕವರೂ ಇದ್ದಾರೆ. ಆದರೆ ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ವಾಕಿಟಾಕಿಗಳನ್ನು ವರ್ಷಾನುಗಟ್ಟಲೆ ದುರಸ್ತಿ ಮಾಡಿ ಕೈ ಪಳಗಿದ ಉಸ್ತಾದರಿಗೆ ಮೆರೈನ್ ಸೆಟ್ಟಿನ 156 ಮೆಗಾಹರ್ಟ್ಸ್ ಏನೂ ಹೊಸದಲ್ಲ.

ಅವರು ಸೆಟ್ಟನ್ನು ಮುಟ್ಟುವ ಮೊದಲು ಕೇಳಿದ ಪ್ರಶ್ನೆ, ದೋಣಿ ಕಬ್ಬಿಣದ್ದೋ ಫೈಬರಿನದ್ದೋ ಎಂಬುದು. ಜೀಪಿನ ಮೇಲೆ ಹಾಕುವ ಕಾಲು ತರಂಗದ (ರೇಡಿಯೋ ತರಂಗದ ಉದ್ದದ ಕಾಲು ಭಾಗದಷ್ಟಿರುವ) ಏರಿಯಲ್‌ಗೆ ಕೆಳಗೆ ಲೋಹದ ತಗಡು ಬೇಕಾಗುತ್ತದೆ. ಫೈಬರ್ ದೋಣಿಯಲ್ಲಿ ಅದು ಇರುವುದಿಲ್ಲವಾದ್ದರಿಂದ ಸುಮಾರು ಒಂದು ಮೀಟರ್ ಉದ್ದದ ಅರ್ಧ ತರಂಗದ ಏರಿಯಲ್ಲೇ ಸರಿ. ಅಳಿಯಂದಿರು ತಂದದ್ದು ಅಂಥದ್ದೇ, ಗೇನ್ (ಸಿಗ್ನಲನ್ನು ಒಂದು ದಿಕ್ಕಿಗೆ ಒಟ್ಟುಗೂಡಿಸುವ ಅಳತೆ) 3 ಡಿಬಿಯದು. ಬಂದರಿನಲ್ಲಿ ಯಾರೋ 6 ಡಿಬಿಯ ಉದ್ದನೆಯದನ್ನು ಹಾಕಲು ಹೇಳಿದ್ದರಂತೆ. ಉಸ್ತಾದರು ಅದನ್ನು ಒಪ್ಪಲಿಲ್ಲ, ನನಗೂ ಅವರ ಮಾತೇ ಸರಿಯೆನಿಸಿತು: ಗೇನ್ ಹೆಚ್ಚಿದಷ್ಟೂ ಸಿಗ್ನಲ್ ತೆಳುವಾಗಿ ಅಡ್ಡಕ್ಕೆ ಹರಡುತ್ತದೆ, ಅಲೆಗೆ ಓಲಾಡುವ ಸಣ್ಣ ದೋಣಿಯಲ್ಲಿ ಅದು ಒಮ್ಮೆ ಆಕಾಶಕ್ಕೆ, ಒಮ್ಮೆ ನೀರಿಗೆ ಹೋಗಿ ವ್ಯರ್ಥವಾಗುತ್ತದೆ.

ಅವರು ಹೆಚ್ಚು ಸಮಯ ಕೊಟ್ಟದ್ದು ಕೇಬಲಿಗೆ. "ರೇಡಿಯೋಕ್ಕ ಎಷ್ಟರೆ ರೊಕ್ಕ ಹಾಕ್ರಿ, ಕೇಬಲ್ ನೆಟ್ಟಗಿಲ್ಲಂದ್ರ ಎಲ್ಲಾ ನೀರಾಗ ಹೋತು ನೋಡ್ರಿ" ಎಂದು ಹೇಳಿ, ತೆಳುವಾದ ಆರ್‌ಜಿ-58ರ ಬದಲು ಬೆರಳು ಗಾತ್ರದ ಆರ್‌ಜಿ-213 ತೆಗೆದರು. ಈ ತರಂಗಾಂತರದಲ್ಲಿ ಆರು ಮೀಟರ್ ಉದ್ದಕ್ಕೆ ಮೊದಲನೆಯದು ಸೆಟ್ಟಿನ 25 ವ್ಯಾಟಿನಲ್ಲಿ ಸುಮಾರು ಕಾಲು ಭಾಗವನ್ನು ನುಂಗಿದರೆ ಎರಡನೆಯದು ಅದರ ಅರ್ಧದಷ್ಟನ್ನು ಮಾತ್ರ ಕಳೆಯುತ್ತದೆ. ಕೇಬಲಿನ ತುದಿಗೆ ಹಾಕುವ ಪಿಎಲ್-259 ಕನೆಕ್ಟರನ್ನು ಬೆಸೆದ ರೀತಿಯನ್ನು ನಾನು ಪಕ್ಕದಲ್ಲೇ ಸ್ಟೂಲಿನ ಮೇಲೆ ಕುಳಿತು ನೋಡಿದೆ. ಹೊರಗಿನ ಜಾಲರಿಯನ್ನು ಸುಮ್ಮನೆ ಹಿಂದಕ್ಕೆ ಮಡಚಿ ತಿರುಗಿಸಿ ಬಿಡುವವರೇ ಹೆಚ್ಚು. ಇವರು ದಪ್ಪ ಮೊನೆಯ ಸೋಲ್ಡರಿಂಗ್ ಐರನ್ ಕಾಯಿಸಿ, ಕನೆಕ್ಟರಿನ ಪ್ರತಿಯೊಂದು ರಂಧ್ರದ ಮೂಲಕವೂ ಜಾಲರಿಗೆ ಸೀಸ ಹರಿಯಿಸಿ, ತಣ್ಣಗಾದ ಮೇಲೆ ಒಳಗಿನ ತಂತಿಗೂ ಹೊರಗಿನ ಜಾಲರಿಗೂ ಶಾರ್ಟ್ ಇಲ್ಲವೆಂಬುದನ್ನು ಮಲ್ಟಿಮೀಟರಿನಲ್ಲಿ ತೋರಿಸಿದರು.

ಪರೀಕ್ಷೆಯಲ್ಲೂ ಅವರ ಶಿಸ್ತು ಮೆಚ್ಚುವಂಥದ್ದು. ಪರವಾನಗಿಯಿಲ್ಲದೆ ಗಾಳಿಗೆ ಸಿಗ್ನಲ್ ಬಿಡುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿ, ಸೆಟ್ಟಿನ ಶಕ್ತಿಯನ್ನು ಡಮ್ಮಿ ಲೋಡಿನ (ಏರಿಯಲ್ ಬದಲು ಜೋಡಿಸುವ, ಸಿಗ್ನಲನ್ನು ಹೊರಬಿಡದೆ ಶಾಖವಾಗಿಸುವ ಸಾಧನ) ಮೇಲೆ ಅಳೆದರು. ಏರಿಯಲನ್ನು ಮಾಳಿಗೆಗೆ ಒಯ್ದು ಬಿದಿರಿನ ಗಳಕ್ಕೆ ಕಟ್ಟಿ, ಅನಲೈಸರ್ ಯಂತ್ರದಿಂದ ನೋಡಿದಾಗ ತುರ್ತು ಕರೆಯ 16ನೇ ಚಾನೆಲ್ಲಿನಲ್ಲಿ, ಅಂದರೆ 156.8 ಮೆಗಾಹರ್ಟ್ಸ್‌ನಲ್ಲಿ, ಎಸ್‌ಡಬ್ಲ್ಯೂಆರ್ 1.5ರ ಒಳಗಿತ್ತು (ಏರಿಯಲ್ಲಿನಿಂದ ಶಕ್ತಿ ಎಷ್ಟು ಮರಳಿ ಬರುತ್ತದೆಂಬುದರ ಅಳತೆ ಇದು, 1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು). ಕಾರವಾರದಲ್ಲಿ ದೋಣಿಗೆ ಕೂರಿಸಿದ ಮೇಲೆ ಮತ್ತೆ ನೋಡಿದಾಗಲೂ ಅದು ಹೆಚ್ಚೇನೂ ಏರಿರಲಿಲ್ಲ.

ಕರೆಂಟಿನ ವೈರಿಂಗ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ಮಾತನಾಡುವಾಗ ಸೆಟ್ಟು ಐದಾರು ಆಂಪಿಯರ್ ಎಳೆಯುವುದರಿಂದ ದಪ್ಪ ವೈರ್ ಹಾಕಿ, ಬೇರೆ ದೀಪಗಳ ಲೈನಿಗೆ ಸೇರಿಸದೆ, ಬ್ಯಾಟರಿಯಿಂದ ನೇರವಾಗಿ ಫ್ಯೂಸ್ ಸಮೇತ ತಯಾರಿಸಿ ಕೊಟ್ಟರು. ಸ್ಪೀಕರಿನಲ್ಲಿ ಅಯಸ್ಕಾಂತವಿರುವುದರಿಂದ ಸೆಟ್ಟನ್ನು ದಿಕ್ಸೂಚಿಯಿಂದ ದೂರ ಕೂರಿಸಬೇಕೆಂಬುದನ್ನು ಮಾತ್ರ ಅವರು ಹೇಳಲಿಲ್ಲ. ಜೀಪು, ಲಾರಿಗಳಲ್ಲಿ ಕೆಲಸ ಮಾಡಿದವರಿಗೆ ಆ ಯೋಚನೆ ಬರಬೇಕಾದ ಸಂದರ್ಭವೇ ಇಲ್ಲ.

ನನ್ನ ಮುಖ್ಯ ತಕರಾರೂ ಇದೇ ಜಾತಿಯದು: ಅಂಗಡಿಗೆ ಉಪ್ಪಿನ ಅರಿವಿಲ್ಲ. ಗಣಿಯ ಧೂಳಿಗೆ ಏನು ಬೇಕೆಂಬುದು ಅವರಿಗೆ ಕರತಲಾಮಲಕ. ಆದರೆ ಏರಿಯಲ್ ಜೊತೆ ಕೊಟ್ಟ ಜಿಐ (ಸತು ಲೇಪಿಸಿದ ಕಬ್ಬಿಣದ) ಕ್ಲಾಂಪುಗಳು ಕಡಲ ಗಾಳಿಗೆ ಬಹುಬೇಗ ತುಕ್ಕು ಹಿಡಿದವು, ಅವನ್ನು ತೆಗೆದು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವನ್ನು ಹಾಕಿಸಬೇಕಾಯಿತು. ಉಪ್ಪಿನ ಗಾಳಿಗೆ ತಾಳುವ, ತವರ ಲೇಪಿಸಿದ ತಾಮ್ರದ ವೈರ್ ಅವರ ಬಳಿ ಸಿಗುವುದಿಲ್ಲ. ಕನೆಕ್ಟರಿಗೆ ಸುತ್ತಿದ್ದು ಮನೆಯ ವೈರಿಂಗಿಗೆ ಬಳಸುವ ಮಾಮೂಲಿ ಟೇಪು. ಎಳೆದು ಸುತ್ತಿದರೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ನೀವೇ ಒಯ್ದು ಕೊಟ್ಟರೆ ಒಳ್ಳೆಯದು. ಹೇಳಿದ ದಿನಕ್ಕೆ ಕೆಲಸ ಮುಗಿಯಲಿಲ್ಲ ಎಂಬುದನ್ನೂ ಸೇರಿಸುತ್ತೇನೆ, ಆದರೆ ಅದು ಈ ಅಂಗಡಿಯೊಂದರ ದೋಷವೇನಲ್ಲ.

ಕೂಲಿ ದುಬಾರಿಯಲ್ಲ, ಬಿಲ್ಲಿನ ಬಹುಪಾಲು ಕೇಬಲಿನದ್ದೇ. ಸೆಟ್ಟು ಎಷ್ಟು ದೂರ ಕೇಳಿಸುತ್ತದೆ ಎಂಬುದು ಎತ್ತರಕ್ಕೆ ಬಿಟ್ಟ ಮಾತು: ನೀರಿನಿಂದ ಮೂರು ಮೀಟರ್ ಮೇಲೆ ಏರಿಯಲ್ ಇರುವ ಎರಡು ದೋಣಿಗಳ ನಡುವೆ ಲೆಕ್ಕದಲ್ಲಿ ಸುಮಾರು 14 ಕಿಲೋಮೀಟರ್, ಗುಡ್ಡದ ಮೇಲಿನ ಕೇಂದ್ರದೊಂದಿಗೆ ಇದಕ್ಕಿಂತ ಬಹಳ ಹೆಚ್ಚು. ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದ ಪರವಾನಗಿ ಮತ್ತು 419ರಿಂದ ಆರಂಭವಾಗುವ ಒಂಬತ್ತು ಅಂಕಿಯ ಎಂಎಂಎಸ್ಐ ಸಂಖ್ಯೆಯ (ದೋಣಿಯ ರೇಡಿಯೋದ ಗುರುತಿನ ಸಂಖ್ಯೆ) ಕೆಲಸವನ್ನು ಅಂಗಡಿಯವರು ಮಾಡಿಕೊಡುವುದಿಲ್ಲ, ಅದನ್ನು ನೀವೇ ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ. ಬೆಳಿಗ್ಗೆಯೇ ಹೋಗಿ, ದೋಣಿಯಲ್ಲಿ ಕೇಬಲ್ ಹಾಯುವ ದಾರಿಯ ಅಳತೆಯನ್ನು ಬರೆದುಕೊಂಡು ಹೋಗಿ.