ಸ್ನೇಹದ ಕುರಿತ ಒಂದು ದಿನದ ಧ್ಯಾನಕೂಟ: ಬೆಳಗ್ಗೆ ಸಮಾಧಾನ, ಮಧ್ಯಾಹ್ನ ಅವಸರ

ಮಂಗಳೂರಿನ ಹೊರವಲಯದ ಧ್ಯಾನಮಂದಿರವೊಂದರಲ್ಲಿ ಕಳೆದ ಶನಿವಾರ ಕ್ರೈಸ್ತ ದೃಷ್ಟಿಯಲ್ಲಿ ನಿಜವಾದ ಸ್ನೇಹವೆಂದರೆ ಏನು ಎಂಬ ವಿಷಯದ ಮೇಲೆ ನಡೆದ ಧ್ಯಾನಕೂಟಕ್ಕೆ ನಾನೂ ನನ್ನ ಬಾಲ್ಯದ ಗೆಳೆಯನೂ ತಲಾ 300 ರೂಪಾಯಿ ಕೊಟ್ಟು ಹೋಗಿದ್ದೆವು. ಅವನು ಕಥೋಲಿಕ, ನಾನು ಪ್ರೊಟೆಸ್ಟಂಟ್ ಸಭೆಯವನು. ಈ ಮಳೆಗಾಲದಲ್ಲಿ ಅವನ ತಂದೆ ತೀರಿಕೊಂಡಿದ್ದರು; ಹೋಗೋಣವೆಂದು ಹಟ ಹಿಡಿದವನೂ ಅವನೇ.

ಬೆಳಗಿನ ಉಪನ್ಯಾಸಕ್ಕೆ ಕೊಟ್ಟ ಹಣ ಸಾರ್ಥಕ. ಬೈಬಲಿನಲ್ಲಿ ಅರಸ ಸೌಲನ ಮಗ ಯೋನಾತಾನನು ದಾವೀದನಿಗೆ ತನ್ನ ನಿಲುವಂಗಿ, ಕತ್ತಿ, ಬಿಲ್ಲು, ನಡುಕಟ್ಟುಗಳನ್ನು ಬಿಚ್ಚಿ ಕೊಟ್ಟ ಪ್ರಸಂಗವನ್ನು ನಾವೆಲ್ಲ ಭಾನುವಾರದ ಶಾಲೆಯಲ್ಲಿ ಕೇಳಿದವರೇ. ಆದರೆ ಸಿಂಹಾಸನಕ್ಕೆ ಹಕ್ಕುದಾರನಾಗಿದ್ದ ಅರಸನ ಮಗ, ಆ ಹಕ್ಕನ್ನು ಕಸಿಯಬಹುದಾದವನಿಗೇ ತನ್ನ ಆಯುಧ ಒಪ್ಪಿಸಿದ ಎಂಬುದನ್ನು ಧರ್ಮಗುರುಗಳು ವಿವರಿಸಿದಾಗ ಕಥೆ ಬೇರೆಯೇ ಆಯಿತು. ಯೋಹಾನನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ಶಿಷ್ಯರನ್ನು ಇನ್ನು ಮುಂದೆ ದಾಸರೆನ್ನದೆ ಸ್ನೇಹಿತರೆಂದು ಕರೆಯುವುದಕ್ಕೂ, ತಂದೆಯಿಂದ ಕೇಳಿದ್ದನ್ನೆಲ್ಲ ಅವರಿಗೆ ತಿಳಿಸಿದ್ದೇನೆ ಎಂದು ಕಾರಣ ಕೊಡುವುದಕ್ಕೂ ಇದನ್ನು ಜೋಡಿಸಿ, ಮೇಲಿರುವವನು ತನ್ನಲ್ಲಿರುವುದನ್ನು ಬಚ್ಚಿಡದೆ ಹಂಚುವುದೇ ಸ್ನೇಹದ ಆರಂಭ ಎಂದರು.

ಒಂದು ಕೊರತೆಯೆಂದರೆ ಉಳಿದ ಉದಾಹರಣೆಗಳೆಲ್ಲ ಹೊರದೇಶದವು. ಈ ಊರಿನಲ್ಲೇ 1843ರಲ್ಲಿ ‘ಮಂಗಳೂರು ಸಮಾಚಾರ’ ಪತ್ರಿಕೆ ಆರಂಭಿಸಿದ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ ಅವರನ್ನೂ, ಮರುವರ್ಷ ದೀಕ್ಷಾಸ್ನಾನ ಪಡೆದು ಅವರ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡ ಆನಂದರಾವ್ ಕೌಂಡಿನ್ಯರನ್ನೂ ನೆನೆಯಬಹುದಿತ್ತು.

ಕುಚ್ಚಲಕ್ಕಿ ಅನ್ನ, ಮೀನಿನ ಸಾರಿನ ಊಟದ ಬಗ್ಗೆ ದೂರಿಲ್ಲ.

ಮಧ್ಯಾಹ್ನದ ವಿಷಯ, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು ನರಳಿದ ಬೈಬಲಿನ ಯೋಬ. ಮೂವರು ಗೆಳೆಯರು ಅವನ ಸಂಕಟ ಕಂಡು ಏಳು ಹಗಲು ಏಳು ರಾತ್ರಿ ಒಂದು ಮಾತೂ ಆಡದೆ ನೆಲದ ಮೇಲೆ ಜೊತೆಯಲ್ಲಿ ಕುಳಿತರು; ಬಾಯಿ ತೆರೆದು ಬುದ್ಧಿ ಹೇಳಲು ಹೊರಟ ಮೇಲೆಯೇ ಅವರು ಕೆಟ್ಟರು, ಯೋಬನ ಪುಸ್ತಕದ ಕೊನೆಯಲ್ಲಿ ದೇವರ ಕೋಪಕ್ಕೂ ಗುರಿಯಾದರು. ಇದನ್ನು ಕೇಳುವಾಗ ನನಗೆ ತಲೆ ಎತ್ತಲಾಗಲಿಲ್ಲ. ಗೆಳೆಯನ ತಂದೆ ಹೋದಾಗ ನಾನು ಮಾಡಿದ್ದು ಆ ಮೂವರಲ್ಲಿ ಮೊದಲು ಬುದ್ಧಿ ಹೇಳಿದ ಎಲೀಫಜನ ಕೆಲಸವೇ: ದೇವರ ಚಿತ್ತ, ಧೈರ್ಯ ತಂದುಕೋ ಎಂದು ಫೋನಿನಲ್ಲಿ ಅರ್ಧ ಗಂಟೆ ಹೇಳಿದ್ದೆ, ಮನೆಗೆ ಹೋದದ್ದು ಮೂರನೆಯ ದಿನ.

ಆಮೇಲೆ ಒಂದು ಗಂಟೆಯ ಮೌನವೆಂದು ಕಾರ್ಯಕ್ರಮ ಪಟ್ಟಿಯಲ್ಲಿತ್ತು. ನಾವಿಬ್ಬರೂ ಹಿತ್ತಲಿನ ಹಲಸಿನ ಮರದ ಬುಡದ ಕಟ್ಟೆಯಲ್ಲಿ ಕುಳಿತೆವು. ಅವನು ಜೇಬಿನಿಂದ ತಂದೆಯ ಜಪಸರ ತೆಗೆದು, ಸವೆದ ಮಣಿಯೊಂದನ್ನು ಹೆಬ್ಬೆರಳಿನಲ್ಲಿ ಉಜ್ಜುತ್ತಿದ್ದ. ಕಣ್ಣು ಒದ್ದೆಯಾಗಿತ್ತು. ನಾನು ಏನೂ ಹೇಳಲಿಲ್ಲ. ಹನ್ನೆರಡು ನಿಮಿಷವಾಗಿರಬೇಕು, ಧ್ವನಿವರ್ಧಕದಲ್ಲಿ “ಹಲೋ, ಹಲೋ, ಎಲ್ಲರೂ ಬೇಗ ಬನ್ನಿ” ಎಂಬ ಕರೆ ಬಂತು. ಸಮಯ ಸಾಲದೆಂದು ಮೌನವನ್ನು ಮೊಟಕುಗೊಳಿಸಿ ಪರಿಚಯದ ಆಟ ಆಡಿಸಿದರು, ಬಳಿಕ ಉತ್ತಮ ಗೆಳೆಯನ ಹತ್ತು ಗುಣಗಳನ್ನು ಬರೆಯಲು ಹಾಳೆ ಹಂಚಿದರು. ಯೋಬನ ಗೆಳೆಯರ ಮೌನವನ್ನು ಅಷ್ಟು ಹೊಗಳಿದವರಿಗೆ ತಮ್ಮ ಪಟ್ಟಿಯಲ್ಲಿ ಅದಕ್ಕೆ ಜಾಗ ಉಳಿಸಲಾಗಲಿಲ್ಲ.

ಗೆಳೆಯ ಆ ಹಾಳೆಯನ್ನು ಖಾಲಿ ಬಿಟ್ಟ. ಆಟಗಳನ್ನು ಕೈಬಿಟ್ಟು ಆ ಒಂದು ಗಂಟೆಯನ್ನು ಪೂರ್ತಿ ಕೊಡುವುದಾದರೆ ನಾವಿಬ್ಬರೂ ಮತ್ತೆ 300 ರೂಪಾಯಿ ಕಟ್ಟಿ ಬರುತ್ತೇವೆಂದು ಅಭಿಪ್ರಾಯ ಪುಸ್ತಕದಲ್ಲಿ ಬರೆದು, ಇಬ್ಬರ ಸಹಿ ಹಾಕಿ ಬಂದಿದ್ದೇವೆ.